‘ಮನೆಯಲ್ಲೇ ಸೇದಲಿ’ ಎಂದ ಲೇಖಕರಿಗೆ

ಪ್ರಿಯ ಲೇಖಕರೇ,

‘ಹರೆಯದ ಮಕ್ಕಳಿಗೆ ಗಾಂಜಾ: ಹೆತ್ತವರು ಒಪ್ಪಬೇಕೇ?’ ಲೇಖನ ತಲುಪಿತು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಮಗನ ಜಾಮೆಟ್ರಿ ಬಾಕ್ಸಿನಲ್ಲಿ ಗಾಂಜಾ ಸುತ್ತುವ ರೋಲಿಂಗ್ ಪೇಪರ್ ಸಿಕ್ಕಾಗ ತಾಯಿ ಅದನ್ನು ಟ್ರೇಸಿಂಗ್ ಶೀಟ್ ಅಂದುಕೊಳ್ಳುವ ಪ್ಯಾರಾ ಸೊಗಸಾಗಿದೆ. ತೊಂದರೆ ಶುರುವಾಗುವುದು ಅದರ ನಂತರ. ‘ಹೇಗಿದ್ದರೂ ಸೇದುತ್ತಾರೆ, ಬೀದಿಯಲ್ಲಿ ಕದ್ದು ಸೇದುವ ಬದಲು ಟೆರೇಸಿನಲ್ಲಿ ನಮ್ಮ ಕಣ್ಣೆದುರೇ ಸೇದಲಿ’ ಎಂಬ ನಿಮ್ಮ ಮಾತನ್ನು ನಂಬಿ ನಡೆದ ಅಪ್ಪ ಅಮ್ಮ ಠಾಣೆ ಮೆಟ್ಟಿಲು ಹತ್ತಬೇಕಾದೀತು.

‘ಒಂದು ಕಿಲೋವರೆಗೆ ಇಟ್ಟುಕೊಳ್ಳಬಹುದು’ ಎಂದು ಬರೆದಿದ್ದೀರಿ. ತುಂಬ ಜನ ಹೀಗೇ ನಂಬಿದ್ದಾರೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ 1 ಕೆ.ಜಿ. ಎನ್ನುವುದು ಗಾಂಜಾದ ‘ಅಲ್ಪ ಪ್ರಮಾಣ’ದ ಗಡಿ. ಶಿಕ್ಷೆ ಎಷ್ಟೆಂದು ಲೆಕ್ಕ ಹಾಕಲು ಅದು ಬೇಕು, ಅಷ್ಟೇ. 5 ಗ್ರಾಂ ಸಿಕ್ಕರೂ ಸೆಕ್ಷನ್ 20ರ ಪ್ರಕಾರ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಗೊತ್ತಿದ್ದೂ ಮನೆಯಲ್ಲಿ ಅವಕಾಶ ಕೊಟ್ಟವರಿಗೆ ಸೆಕ್ಷನ್ 25 ಇದೆ. ಇನ್ನು ‘ಒಳ್ಳೆ ಮಾಲನ್ನು ಅಪ್ಪನೇ ತಂದುಕೊಟ್ಟರೆ ಕಲಬೆರಕೆಯ ಭಯವಿಲ್ಲ’ ಎಂಬ ಸಾಲು! ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 77 ಓದಿ: ವೈದ್ಯರ ಸೂಚನೆಯಿಲ್ಲದೆ 18 ತುಂಬದವರ ಕೈಗೆ ಮಾದಕ ವಸ್ತು ಕೊಟ್ಟರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂ.ವರೆಗೆ ದಂಡ. ಸೇದಿದ ಮಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ, ತಂದುಕೊಟ್ಟ ಅಪ್ಪ ಕಟಕಟೆಯಲ್ಲಿ.

ವಿದೇಶದ ಪ್ಯಾರಾ ತೆಗೆದುಹಾಕಿ, ಇಲ್ಲವೇ ತಿದ್ದಿ. ಕೆನಡಾ 2018ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದ್ದು ನಿಜ, ಆದರೆ ವಯಸ್ಸಿನ ಮಿತಿ ಹೆಚ್ಚಿನ ಪ್ರಾಂತ್ಯಗಳಲ್ಲಿ 19, ಕ್ವಿಬೆಕ್‌ನಲ್ಲಿ 21. ಅಮೆರಿಕದ ಕ್ಯಾಲಿಫೋರ್ನಿಯಾ, ಕೊಲರಾಡೊಗಳಲ್ಲೂ 21. ಅಮೆರಿಕದಲ್ಲಿ ವೀಸಾ ಮೇಲಿರುವ ಕನ್ನಡ ಕುಟುಂಬಗಳು ನಿಮ್ಮನ್ನು ಓದಬಹುದು. ರಾಜ್ಯ ಒಪ್ಪಿದರೂ ವಲಸೆ ಇಲಾಖೆ ನೋಡುವುದು ಫೆಡರಲ್ (ಕೇಂದ್ರ) ಕಾನೂನನ್ನು ಎಂದು ಅವರಿಗೆ ಹೇಳಲೇಬೇಕು.

‘ಸೇದುವುದಕ್ಕಿಂತ ತಿನ್ನುವುದು ವಾಸಿ’ ಎಂಬ ಸಲಹೆ ಅಪಾಯದ್ದು. ಹೊಗೆಯ ಅಮಲು ಕೆಲವೇ ನಿಮಿಷಗಳಲ್ಲಿ ಏರಿ ಎರಡು ಮೂರು ಗಂಟೆಯಲ್ಲಿ ಇಳಿಯತೊಡಗುತ್ತದೆ. ತಿಂದದ್ದು ಹೊಟ್ಟೆ, ಯಕೃತ್ತು ದಾಟಿ ಬರಬೇಕು, ಅದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ. ಹುಡುಗ ‘ಏನೂ ಆಗ್ಲಿಲ್ಲ’ ಎಂದು ಇನ್ನೊಂದು ತುಂಡು ಬಾಯಿಗೆ ಹಾಕುತ್ತಾನೆ. ಎರಡೂ ಸೇರಿ ಏರಿದಾಗ ಎದೆ ಡವಡವ, ವಿಪರೀತ ಗಾಬರಿ, ವಾಂತಿ. ಇಳಿಯಲು ಆರೆಂಟು ಗಂಟೆ, ಒಮ್ಮೊಮ್ಮೆ ಇನ್ನೂ ಹೆಚ್ಚು.

‘ನಮ್ಮ ಅಜ್ಜಂದಿರೂ ಬಂಗಿ ಸೇದುತ್ತಿದ್ದರು’ ಎಂಬುದನ್ನು ಬೇಕಾದರೆ ಇಟ್ಟುಕೊಳ್ಳಿ, ಜೊತೆಗೆ ಕಸುವಿನ ಲೆಕ್ಕವನ್ನೂ ಕೊಡಿ. ಅಮೆರಿಕದಲ್ಲಿ ಜಪ್ತಿಯಾದ ಮಾಲಿನಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4 ಇತ್ತು, 2014ರ ಹೊತ್ತಿಗೆ ಸುಮಾರು ಶೇ 12. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ‘ಹೈಡ್ರೋ’ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಗಾಂಜಾ) ಅಜ್ಜನ ಚಿಲುಮೆಯದಲ್ಲ.

ವಿರೋಧದ ವಾದವನ್ನೂ ಸಡಿಲವಾಗಿ ಕಟ್ಟಿದ್ದೀರಿ. ‘ಒಂದು ಸಲ ಸೇದಿದರೂ ಬುದ್ಧಿ ಮಂಕಾಗುತ್ತದೆ’ ಎಂದರೆ, ಸೇದಿಯೂ ಒಳ್ಳೆ ಅಂಕ ತೆಗೆದ ಗೆಳೆಯನೊಬ್ಬ ಸಾಕು, ಹುಡುಗ ನಿಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ. ನ್ಯೂಜಿಲೆಂಡಿನ ಡುನೆಡಿನ್ ಅಧ್ಯಯನ (2012) ಐಕ್ಯೂನಲ್ಲಿ (ಬುದ್ಧಿಮಟ್ಟದ ಅಳತೆ) ಸುಮಾರು 8 ಅಂಕಗಳ ಕುಸಿತ ಕಂಡದ್ದು ಹರೆಯದಲ್ಲೇ ಶುರುಮಾಡಿ ವರ್ಷಗಟ್ಟಲೆ ಬಿಡದೆ ಸೇದಿದವರಲ್ಲಿ. ಅವಳಿಗಳ ಮೇಲಿನ ನಂತರದ ಅಧ್ಯಯನಗಳು ಅದನ್ನೂ ಪ್ರಶ್ನಿಸಿವೆ. ಮನೆತನದಲ್ಲಿ ಸ್ಕಿಜೋಫ್ರೀನಿಯಾ (ತೀವ್ರ ಮನೋರೋಗ) ಇದ್ದವರಿಗೆ ಅಪಾಯ ಹೆಚ್ಚು ಎಂಬುದು ಇದಕ್ಕಿಂತ ಗಟ್ಟಿಯಾದ ಮಾತು. ನಿಮ್ಮ ಲೇಖನದಲ್ಲಿ ಅದೇ ಇಲ್ಲ.

ಒಪ್ಪಬೇಕೇ ಎಂಬ ಪ್ರಶ್ನೆ ಇಲ್ಲಿಗೇ ಮುಗಿಯಿತು. ಓದುಗರಿಗೆ ಬೇಕಿರುವುದು ಪೊಟ್ಟಣ ಸಿಕ್ಕ ಆ ಸಂಜೆಯ ವಿಚಾರ. ಲೇಖನವನ್ನು ಅಲ್ಲಿಂದ ಮತ್ತೆ ಬರೆಯಿರಿ. ಅಮಲಿನಲ್ಲಿರುವವನ ಜೊತೆ ಜಗಳಕ್ಕೆ ಕೂತರೆ ಏನೂ ಗಿಟ್ಟುವುದಿಲ್ಲ, ಮಾತು ಬೆಳಿಗ್ಗೆಗೆ ಇರಲಿ. ಆಗ ಹುಡುಗನನ್ನು ಕೇಳಬೇಕಾದದ್ದು: ಯಾವಾಗಿನಿಂದ, ವಾರಕ್ಕೆಷ್ಟು ಸಲ, ಒಬ್ಬನೇ ಸೇದುತ್ತೀಯಾ, ನಿದ್ದೆಗೆ ಬೇಕೇಬೇಕೇ? ಕೊನೆಯ ಎರಡಕ್ಕೆ ಹೌದು ಎಂದರೆ ಗೆಳೆಯರ ಮೇಲೆ ಗೂಬೆ ಕೂರಿಸದೆ ಮನೋವೈದ್ಯರ ಬಳಿ ಹೋಗಬೇಕು. ‘ಸಾಕ್ಷಿಗೆ’ ಎಂದು ಪೊಟ್ಟಣವನ್ನು ಬೀರುವಿನಲ್ಲಿಟ್ಟರೆ ಅದು ಅಪ್ಪನ ವಶದಲ್ಲಿದ್ದಂತೆ. ಏನು ಮಾಡಬೇಕೆಂದು ವಕೀಲರೊಬ್ಬರನ್ನು ಕೇಳಿ ಬರೆಯಿರಿ. ಮೂತ್ರ ಪರೀಕ್ಷೆಯ ಕಿಟ್ಟನ್ನು ಬಣ್ಣಿಸಿದ್ದೀರಿ, ಅದರ ಮಿತಿ ಹೇಳಿಲ್ಲ. ಒಮ್ಮೆ ಸೇದಿದವನಲ್ಲಿ ಸುಮಾರು ಮೂರು ದಿನ, ದಿನವೂ ಸೇದುತ್ತಿದ್ದವನಲ್ಲಿ ತಿಂಗಳವರೆಗೂ ಪಾಸಿಟಿವ್ ಬರಬಹುದು. ನಿಜವಾಗಿ ಬಿಟ್ಟವನನ್ನು ಸುಳ್ಳುಗಾರ ಎಂದುಬಿಟ್ಟರೆ ಅವನು ಮತ್ತೆ ಹಿಡಿಯುತ್ತಾನೆ. ಬಿಟ್ಟ ಮೊದಲ ವಾರ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಸಹಜ. ಸುಮಾರು ಎರಡು ವಾರದಲ್ಲಿ ತಗ್ಗುತ್ತದೆ. ‘ಬಿಡಿಸುವ ಮಾತ್ರೆ’ ಎಂದು ಬರೆದದ್ದನ್ನು ಹೊಡೆದುಹಾಕಿ, ಈ ಚಟಕ್ಕೆಂದೇ ಅನುಮೋದಿತ ಔಷಧಿ ಇಲ್ಲ. ಇರುವುದು ಆಪ್ತಸಮಾಲೋಚನೆ.

ಕೇಸಾದೀತೆಂದು ಆಸ್ಪತ್ರೆಗೆ ಹೋಗದವರಿಗಾಗಿ ಎನ್‌ಡಿಪಿಎಸ್‌ನ ಸೆಕ್ಷನ್ 64ಎ ಸೇರಿಸಿ: ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಇದೆ, ಅರ್ಧಕ್ಕೇ ಬಿಟ್ಟರೆ ಅದು ಹೋಗಬಹುದು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇವುಗಳನ್ನು ಕೊನೆಗೆ ಬಾಕ್ಸಿನಲ್ಲಿ ಹಾಕೋಣ. 900 ಪದ ಮೀರದಿರಲಿ. ಕಳಿಸುವ ಮುನ್ನ ಎರಡೂ ನಂಬರಿಗೆ ನೀವೇ ಕರೆ ಮಾಡಿ, ಕನ್ನಡದಲ್ಲಿ ಮಾತಾಡಲು ಯಾವ ಗುಂಡಿ ಒತ್ತಬೇಕೆಂದು ಬರೆದುಕೊಳ್ಳಿ.

— ಸಂಪಾದಕ