ರೈಸ್ ಸಾಹೇಬರಿಗೂ ಅಕ್ಕಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ಕಡೆ ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತೆಲ್ಲ ಅಡ್ಡಹೆಸರುಗಳಿವೆ. ಹಂಗಾದ್ರೆ ನಮ್ಮ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಹಿರಿಯರು ಅಕ್ಕಿ ವ್ಯಾಪಾರ ಮಾಡ್ತಿದ್ರೇನು?
– ಗದಗಿನ ಓದುಗರೊಬ್ಬರು

ಉತ್ತರ: ನಗು ಬಂತು, ಆದರೆ ಪ್ರಶ್ನೆ ತಪ್ಪಲ್ಲ. ಇಂಗ್ಲಿಷರಲ್ಲಿ ಪೆಪ್ಪರ್ ಅನ್ನೋ ಅಡ್ಡಹೆಸರಿದೆ. ಅದು ನಿಜಕ್ಕೂ ಮೆಣಸು ಮಾರುವವರಿಂದಲೇ ಬಂದದ್ದು. ರೈಸ್ ಮಾತ್ರ ಹಾಗಲ್ಲ. ಅದು ಒಬ್ಬ ಮನುಷ್ಯನ ಹೆಸರು. ಅದೂ ಮೂಲದಲ್ಲಿ ಇಂಗ್ಲಿಷ್ ಹೆಸರಲ್ಲ, ಪಕ್ಕದ ವೇಲ್ಸ್‌ನದು.

ವೇಲ್ಸ್‌ನವರ ಭಾಷೆಯೇ ಬೇರೆ. ಅಲ್ಲಿ 'ರೀಸ್' ಅಂದರೆ ಹುಮ್ಮಸ್ಸು, ಕೆಚ್ಚು. ದಕ್ಷಿಣ ವೇಲ್ಸ್ ಆಳಿದ ಇಬ್ಬರು ದೊಡ್ಡ ದೊರೆಗಳಿಗೆ ಇದೇ ಹೆಸರಿತ್ತು. ಒಬ್ಬ 1093ರಲ್ಲಿ ಸತ್ತ, ಇನ್ನೊಬ್ಬ 1197ರಲ್ಲಿ. ಆಗ ಅಲ್ಲಿ ಮನೆತನಕ್ಕೆ ಅಂತ ಅಡ್ಡಹೆಸರು ಇರಲಿಲ್ಲ. ನಮ್ಮ ಇನಿಷಿಯಲ್ ಥರ ಅಪ್ಪನ ಹೆಸರು ಸೇರಿಸುತ್ತಿದ್ದರು. 'ಅಪ್' ಅಂದರೆ ಮಗ (ಕೇಳೋಕೆ ನಮ್ಮ ಅಪ್ಪ, ಅರ್ಥ ಮಾತ್ರ ಉಲ್ಟಾ!). ರೀಸ್ ಅಪ್ ತಾಮಸ್ ಅಂದರೆ ತಾಮಸನ ಮಗ ರೀಸ್, ಅವನ ಮಗ ಗ್ರಿಫಿತ್ ಅಪ್ ರೀಸ್, ಹೀಗೆ ತಲೆಮಾರಿಗೊಮ್ಮೆ ಬದಲಾಗುತ್ತಾ ಹೋಗೋದು.

ಈ ರೀಸ್ ಅಪ್ ತಾಮಸ್ 1485ರ ಬಾಸ್‌ವರ್ತ್ ಕಾಳಗದಲ್ಲಿ ಮುಂದೆ ಇಂಗ್ಲೆಂಡಿನ ದೊರೆಯಾದ ಹೆನ್ರಿ ಟ್ಯೂಡರ್ ಪರ ಹೋರಾಡಿದವನು. ಅವನ ಮೊಮ್ಮಗನ ಹೆಸರೂ ರೀಸ್. ಅವನು ತನ್ನ ಹೆಸರಿಗೆ ಹಳೇ ವೀರ ಅರಸ ಯೂರಿಯನ್ನನ ಹೆಸರು ತಗುಲಿಸಿಕೊಂಡ. ರಾಜ್ಯ ಕಬಳಿಸೋಕೆ ಹೂಡಿದ ಆಟ ಇದು ಅಂತ ರಾಜದ್ರೋಹದ ಆರೋಪದಲ್ಲಿ ಅದೂ ಸೇರಿತು, 1531ರಲ್ಲಿ ತಲೆ ಹೋಯಿತು. ಆಮೇಲೆ ಆ ಮನೆಯವರು ತಣ್ಣಗೆ 'ರೈಸ್' ಅಂತ ಇಂಗ್ಲಿಷ್ ರೀತಿಯಲ್ಲಿ ಬರೆದುಕೊಂಡರು. ಮತ್ತೆ 'ರೀಸ್' ಆಗಿದ್ದು 20ನೇ ಶತಮಾನದಲ್ಲಿ.

1536ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ವೇಲ್ಸ್‌ನ ಕೋರ್ಟು ಕಚೇರಿಗಳಲ್ಲಿ ಇಂಗ್ಲಿಷ್ ಮಾತ್ರ ಅಂದುಬಿಟ್ಟ. ಅಡ್ಡಹೆಸರು ಇಟ್ಟುಕೊಳ್ಳಿ ಅಂತ ಕಾನೂನೇನೂ ಹೇಳಲಿಲ್ಲ. ಆದರೆ ಕಾಗದಪತ್ರದಲ್ಲಿ 'ಇವನ ಮಗ, ಅವನ ಮಗ' ಅಂತ ಉದ್ದಕ್ಕೆ ಬರೆಯೋ ರೂಢಿ ನಿಧಾನಕ್ಕೆ ಹೋಯಿತು. ಒಂದು ತಲೆಮಾರಿನ ಅಪ್ಪನ ಹೆಸರೇ ಮನೆತನದ ಹೆಸರಾಗಿ ನಿಂತಿತು. ಪಾಸ್‌ಪೋರ್ಟ್ ಅರ್ಜಿಯ 'ಸರ್‌ನೇಮ್' ಜಾಗದಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬಿ ಸಿಕ್ಕಿಹಾಕಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು, ಅಲ್ವಾ? 'ಅಪ್ ರೀಸ್' ಕೂಡಿಕೊಂಡು ಪ್ರೈಸ್ ಆಯಿತು. ಹಾಗಾಗಿ ಪ್ರೈಸ್ ಅನ್ನೋರಿಗೂ ಬೆಲೆಗೂ ಸಂಬಂಧವಿಲ್ಲ. 'ಅಪ್ ಹವೆಲ್' ಪೋವೆಲ್ ಆಯಿತು, 'ಅಪ್ ಹ್ಯಾರಿ' ಪ್ಯಾರಿ ಆಯಿತು.

ರೀಸ್ ಹೋಗಿ ರೈಸ್ ಹೇಗಾಯಿತು? ಹಳೇ ಇಂಗ್ಲಿಷಿನಲ್ಲಿ 'ಟೈಮ್' ಅನ್ನೋದನ್ನ 'ಟೀಮ್' ಅನ್ನೋ ಹಾಗೆ ಹೇಳುತ್ತಿದ್ದರು. 15ನೇ ಶತಮಾನದಿಂದ ಆಚೆಗೆ ಆ 'ಈ' ಎಲ್ಲ 'ಐ' ಆಗುತ್ತಾ ಬಂತು. 'ಐ' ಅಕ್ಷರ ಹಾಕಿ ಬರೆದ ರೀಸ್ ಅದರ ಜೊತೆ ರೈಸ್ ಆಯಿತು, ಎರಡು 'ಇ' ಹಾಕಿ ಬರೆದದ್ದು ರೀಸ್ ಆಗಿಯೇ ಉಳಿಯಿತು. ತಿನ್ನೋ ರೈಸ್ ಗ್ರೀಕ್, ಲ್ಯಾಟಿನ್, ಫ್ರೆಂಚ್ ಸುತ್ತಿಕೊಂಡು ಬಂದ ಬೇರೆಯೇ ಪದ. ಅದೂ ಮೊದಲು 'ರೀಸ್' ಅನ್ನೋ ಹಾಗೇ ಇತ್ತು. ಎರಡೂ ಒಂದೇ ಗಾಳಿಗೆ ಸಿಕ್ಕಿ ಒಂದೇ ಥರ ಕೇಳಿಸತೊಡಗಿದವು, ಅಷ್ಟೇ.

ಇನ್ನು ನಮ್ಮ ಬಿ.ಎಲ್. ರೈಸ್. ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಇದೆಯಲ್ಲ, ಅದು ಮಿಷನರಿಯಾಗಿ ಬಂದಿದ್ದ ಅವರ ಅಪ್ಪನ ಹೆಸರಿನದು. ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನ ಸೇರಿಸಿದ್ದಾರೆ ಮಹಾನುಭಾವರು. ನಿಮಗೆ ಅಕ್ಕಿಯ ಸಂಬಂಧ ಬೇಕೇ ಬೇಕು ಅಂತಿದ್ದರೆ ಅಲ್ಲೇ ಹುಡುಕಿ. ದೇವರ ನೈವೇದ್ಯಕ್ಕೆ ಬಿಟ್ಟ ಗದ್ದೆ ಎಷ್ಟು, ಅಕ್ಕಿ ಎಷ್ಟು ಕೊಳಗ, ಎಷ್ಟು ಮಾನ ಅಂತ ಕಲ್ಲಲ್ಲಿ ಕೆತ್ತಿದ ಲೆಕ್ಕಗಳು ಆ ಸಂಪುಟಗಳಲ್ಲಿ ಬೇಕಾದಷ್ಟಿವೆ.