‘ಎದೆಗೆ ಪೆಟ್ಟು ಬಿದ್ದಾಗ’ ಲೇಖನ ಕಳಿಸಿದವರಿಗೆ

ನಮಸ್ಕಾರ. ಆಂಬುಲೆನ್ಸ್ ಸಿಬ್ಬಂದಿಗೆಂದು ನೀವು ಬರೆದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ನಿಮ್ಮ ಭಾಷೆ ತಿಳಿಯಾಗಿದೆ, ಓದಿಕೊಂಡದ್ದೂ ಬಹಳವಿದೆ. ಆದರೆ ಗಾಯಾಳುವಿನ ಪಕ್ಕ ಮಂಡಿಯೂರಿ ಕೂತವರು ಮೊದಲು ಏನು ನೋಡಬೇಕು ಎಂಬುದು ಮೂರನೇ ಪುಟದವರೆಗೂ ಗೊತ್ತಾಗುವುದಿಲ್ಲ.

ಪ್ರತಿ ಗಾಯಕ್ಕೂ ಹೆಸರು, ವ್ಯಾಖ್ಯೆ, ಲಕ್ಷಣ ಎಂದು ಪಠ್ಯಪುಸ್ತಕದ ಕ್ರಮ ಹಿಡಿದಿದ್ದೀರಿ. ಅದನ್ನು ತಿರುಗಿಸಿ, ಉಸಿರಿನಿಂದ ಶುರುಮಾಡಿ. ಬಟ್ಟೆ ಕತ್ತರಿಸಿ ಎದೆ ಪೂರ್ತಿ ತೆರೆಯಬೇಕು. 30 ಸೆಕೆಂಡ್ ಉಸಿರೆಣಿಸಿ ಎರಡರಿಂದ ಗುಣಿಸಬೇಕು. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. ಎರಡೂ ಬದಿ ಸಮನಾಗಿ ಏಳುತ್ತಿವೆಯೇ? ಅಂಗೈಯಿಟ್ಟರೆ ಚರ್ಮದಡಿ ಗಾಳಿ ಸೇರಿ ಚರಚರ ಎನ್ನುತ್ತಿದೆಯೇ? ಬೆನ್ನು, ಕಂಕುಳು ನಿಮ್ಮ ಲೇಖನದಲ್ಲಿ ಬಂದೇ ಇಲ್ಲ. ಇರಿತದ ಸಣ್ಣ ಗಾಯ ಕಣ್ತಪ್ಪುವುದು ಅಲ್ಲಿಯೇ.

ದೊಡ್ಡ ತಪ್ಪಿರುವುದು ಟೆನ್ಷನ್ ನ್ಯುಮೋಥೊರಾಕ್ಸ್, ಅಂದರೆ ಶ್ವಾಸಕೋಶದ ಸುತ್ತ ಗಾಳಿ ಸಿಕ್ಕಿಕೊಂಡು ಒತ್ತಡ ಏರುವ ಸ್ಥಿತಿಯ ಭಾಗದಲ್ಲಿ. ‘ಶ್ವಾಸನಾಳ ಪಕ್ಕಕ್ಕೆ ಸರಿಯುವುದು ಮೊದಲ ಚಿಹ್ನೆ, ಎಕ್ಸ್-ರೇಯಿಂದ ಖಚಿತಪಡಿಸಿ’ ಎಂದಿದ್ದೀರಿ. ಶ್ವಾಸನಾಳ ಸರಿಯುವುದು ಕೊನೆಕೊನೆಗೆ. ಎಕ್ಸ್-ರೇಗೆ ಕಾಯುತ್ತಾ ಕೂತರೆ ರೋಗಿ ಉಳಿಯದೆ ಹೋಗಬಹುದು. ಒಳಗೆ ಹೋದ ಗಾಳಿ ಹೊರಬರದೆ ಶ್ವಾಸಕೋಶ ಕುಸಿಯುತ್ತದೆ, ಒತ್ತಡ ಏರಿದಂತೆ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ, ರಕ್ತದೊತ್ತಡ ಬೀಳುತ್ತದೆ. ಇಷ್ಟನ್ನು ವಿವರಿಸಿದರೆ ಲಕ್ಷಣಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಆ ಬದಿಯಲ್ಲಿ ಉಸಿರಿನ ಸದ್ದು ಕೇಳಿಸದು, ಬೆರಳಿನಿಂದ ತಟ್ಟಿದರೆ ಡೋಲಿನಂಥ ದನಿ. ರಕ್ತ ತುಂಬಿದ್ದರೆ ದನಿ ಮಂದ. ಕುತ್ತಿಗೆಯ ರಕ್ತನಾಳ ಉಬ್ಬಿಲ್ಲವೆಂದು ನೆಮ್ಮದಿಪಡುವಂತಿಲ್ಲ: ತುಂಬಾ ರಕ್ತ ಹೋಗಿದ್ದರೆ ಉಬ್ಬಲು ಏನೂ ಉಳಿದಿರುವುದಿಲ್ಲ.

ಆ ಗಾಳಿ ಹೊರಬಿಡಲು ಸೂಜಿ ಹಾಕುವ ಜಾಗವೂ ಹಳೆಯದು. ಗಾಯಾಳುಗಳ ತುರ್ತು ಚಿಕಿತ್ಸೆ ಕಲಿಸುವ ಎ.ಟಿ.ಎಲ್.ಎಸ್. ಕೈಪಿಡಿಯ 2018ರ ಹತ್ತನೇ ಆವೃತ್ತಿ ವಯಸ್ಕರಿಗೆ 4ನೇ ಅಥವಾ 5ನೇ ಪಕ್ಕೆಲುಬಿನ ಸಂದಿಯನ್ನು, ಕಂಕುಳ ಮಧ್ಯರೇಖೆಗಿಂತ ತುಸು ಮುಂದೆ, ಸೂಚಿಸುತ್ತದೆ. ನೀವು ಬರೆದ 2ನೇ ಸಂದಿ ಮಕ್ಕಳಿಗೆ ಉಳಿದಿದೆ. ಸೂಜಿ ಕೆಳಗಿನ ಪಕ್ಕೆಲುಬಿನ ಮೇಲಂಚಿಗೆ ತಾಗಿಕೊಂಡೇ ಹೋಗಬೇಕು, ಏಕೆಂದರೆ ರಕ್ತನಾಳ ಮತ್ತು ನರ ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಸಾಗುತ್ತವೆ. ಸೂಜಿಯೊಂದಿಗೆ ಒಳಗೆ ಹೋದ ಕೊಳವೆ ಮಡಚಬಹುದು, ರಕ್ತ ಹೆಪ್ಪುಗಟ್ಟಿ ಮುಚ್ಚಬಹುದು. ಆಗ ಉಸಿರಾಟ ಮತ್ತೆ ಕೆಡುತ್ತದೆ. ಇದು ತರಬೇತಿ ಪಡೆದವರ ಕೆಲಸ ಮಾತ್ರ ಎಂದು ದಪ್ಪಕ್ಷರದಲ್ಲಿ ಹಾಕಿ.

ಎದೆಯಲ್ಲಿ ತೆರೆದ ಗಾಯಕ್ಕೆ ಪ್ಲಾಸ್ಟಿಕ್ಕಿನಿಂದ ನಾಲ್ಕೂ ಬದಿ ಅಂಟಿಸಿ ಎಂದಿದ್ದೀರಿ. ಒಳಗಿನ ಗಾಳಿಗೆ ದಾರಿಯಿಲ್ಲದಿದ್ದರೆ ಮೇಲೆ ಹೇಳಿದ ಅಪಾಯವನ್ನು ನಾವೇ ತಂದುಕೊಂಡಂತೆ. ಕವಾಟವಿರುವ ಸೀಲ್ ಇದ್ದರೆ ಅದು, ಇಲ್ಲದಿದ್ದರೆ ಮೂರು ಬದಿಯ ಅಂಟು. ರಕ್ತ ಮೆತ್ತಿ ನಾಲ್ಕನೆಯ ಬದಿಯೂ ಕಚ್ಚಿಕೊಳ್ಳುವುದುಂಟು. ಉಸಿರು ಹದಗೆಟ್ಟರೆ ತಕ್ಷಣ ಅಂಚು ಎತ್ತಬೇಕು ಎಂಬ ಸಾಲು ಇರಲೇಬೇಕು.

‘ಪಕ್ಕೆಲುಬು ಮುರಿದರೆ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿ’ ಎಂಬ ವಾಕ್ಯ ತೆಗೆದುಹಾಕಿ. ಸಾಲಾಗಿ ಮೂರು ಅಥವಾ ಹೆಚ್ಚು ಪಕ್ಕೆಲುಬು ಎರಡೆರಡು ಕಡೆ ಮುರಿದಾಗ ಆ ತುಂಡು ಉಸಿರೆಳೆದರೆ ಒಳಗೆ, ಬಿಟ್ಟರೆ ಹೊರಗೆ ಚಲಿಸುತ್ತದೆ. ಅದರಡಿಯ ಜಜ್ಜಿದ ಶ್ವಾಸಕೋಶವೇ ಹೆಚ್ಚು ಅಪಾಯ. ಪಟ್ಟಿ ಬಿಗಿದರೆ ಉಸಿರು ಇನ್ನಷ್ಟು ಕಿರಿದಾಗುತ್ತದೆ. ಬೇಕಾದದ್ದು ಆಮ್ಲಜನಕ, ನೋವುಶಮನ. ಮಕ್ಕಳ ಎಲುಬು ಬಾಗುವುದರಿಂದ ಮುರಿಯದೆಯೂ ಶ್ವಾಸಕೋಶ ಜಜ್ಜಿರಬಹುದು. 9ರಿಂದ 12ನೇ ಪಕ್ಕೆಲುಬಿಗೆ ಪೆಟ್ಟಾದರೆ ಯಕೃತ್ತು, ಗುಲ್ಮ ನೆನಪಿರಲಿ. ಚುಚ್ಚಿಕೊಂಡ ಚಾಕು ಕೀಳಬಾರದು.

‘ಮಾನಿಟರಿನಲ್ಲಿ ಮಿಡಿತ ಕಾಣುತ್ತದೆ, ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ.’ ಹೃದಯದ ಚೀಲದಲ್ಲಿ ರಕ್ತ ತುಂಬುವುದರ ಬಗ್ಗೆ ನೀವೇ ಬರೆದ ಸಾಲಿದು. ಕಣ್ಣು, ಕೈ ಎರಡೂ ಕೆಲಸ ಮಾಡುತ್ತಿವೆ ಇಲ್ಲಿ. ಉಳಿದ ಪುಟಗಳನ್ನೂ ಹೀಗೆಯೇ ಬರೆದು, ಆಂಬುಲೆನ್ಸಿನಲ್ಲಿ ದುಡಿಯುವ ಒಬ್ಬರಿಂದ ಓದಿಸಿ ಮರಳಿ ಕಳಿಸಿ.