ಕ್ವಿಜ್‌ನಲ್ಲಿ ಪೂರ್ಣ ಅಂಕ, ನಕ್ಷೆಯ ಮುಂದೆ ಮೌನ

ಆನ್‌ಲೈನ್ ಕ್ವಿಜ್‌ನಲ್ಲಿ ಪೂರ್ಣ ಅಂಕ ಪಡೆಯುವ ಮಕ್ಕಳು ನಕ್ಷೆ ತೋರಿಸಿ ‘ಏಕೆ’ ಎಂದರೆ ಸುಮ್ಮನಾಗುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನನಗನ್ನಿಸುವಂತೆ ಕೊರತೆ ಮಕ್ಕಳದ್ದಲ್ಲ, ಪ್ರಶ್ನೆಗಳದ್ದು. ಸ್ಥಳ ಗುರುತಿಸುವ ಕ್ವಿಜ್ ನೆನಪನ್ನಷ್ಟೇ ಅಳೆಯುತ್ತದೆ.

ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದೀಚಿನ ಉಪಗ್ರಹ ಚಿತ್ರಗಳಿವೆ. ಹೆಸರು ಹೇಳದೆ, ಮಧ್ಯ ಏಷ್ಯಾದಲ್ಲಿ ಬಹುಪಾಲು ಬತ್ತಿಹೋದ ಸರೋವರವಾದ ಅರಾಲ್ ಸಮುದ್ರವನ್ನು ತೋರಿಸಿ. ಏನು ಬದಲಾಗಿದೆ, ಕಾರಣ ಏನಿರಬಹುದು, ಆ ಊಹೆಯನ್ನು ಖಚಿತಪಡಿಸಿಕೊಳ್ಳಲು ಇನ್ನೇನು ತಿಳಿಯಬೇಕು ಎಂಬುದನ್ನು ಪ್ರತಿಯೊಬ್ಬರೂ ಎರಡು ನಿಮಿಷ ಧ್ವನಿಮುದ್ರಿಸಲಿ. ‘ಮಳೆ ಕಡಿಮೆಯಾಗಿದೆ’ ಎಂದು ನಿಲ್ಲಿಸುವವರು ಇರುತ್ತಾರೆ. ಸುತ್ತಲಿನ ಹಸಿರು ಹೊಲಗಳನ್ನೂ ಕಾಲುವೆಗಳನ್ನೂ ಗಮನಿಸಿ, ನದಿಯ ನೀರು ಬೇರೆಡೆ ಹರಿದಿರಬೇಕು ಎನ್ನುವವರೂ ಇರುತ್ತಾರೆ. ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಹತ್ತಿ ಬೆಳೆಗೆ ತಿರುಗಿಸಿದ ಸಂಗತಿಯನ್ನು ಆಮೇಲೆ ತಿಳಿಸಿ, ಉತ್ತರವನ್ನು ತಿದ್ದಲು ಬಿಡಿ. ಮೊದಲ ಉತ್ತರಕ್ಕಿಂತ ಆ ತಿದ್ದುಪಡಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಕಲಿಕೆ ಕಣ್ಣಿಗೆ ಕಾಣುವುದು ಅಲ್ಲಿಯೇ.

ನಕ್ಷೆಯಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳಿಗಾದರೆ ಮೊದಲು ಕಾಗದದ ಮೇಲೆ ನೆಲದ ಏರಿಳಿತ ತೋರಿಸುವ ಅಡ್ಡಸೀಳು ಬರೆಸಿ, ನಂತರ ಗೂಗಲ್ ಅರ್ಥ್ ಪ್ರೊದ ಎತ್ತರದ ರೇಖಾಚಿತ್ರದೊಂದಿಗೆ ಅವರೇ ಹೋಲಿಸಲಿ. ಈ ಕ್ರಮವನ್ನು ದಯವಿಟ್ಟು ತಿರುಗುಮುರುಗು ಮಾಡಬೇಡಿ.

ಕ್ವಿಜ್ ಪೂರ್ತಿ ಬಿಡಬೇಕಿಲ್ಲ. ತಪ್ಪು ಆಯ್ಕೆಗಳಲ್ಲಿ ಸಾಮಾನ್ಯ ತಪ್ಪುಕಲ್ಪನೆಗಳನ್ನಿಡಿ. ಉದಾಹರಣೆಗೆ, ಧ್ರುವಗಳ ಕಡೆಯ ನೆಲವನ್ನು ಹಿಗ್ಗಿಸಿ ತೋರಿಸುವ ಮರ್ಕೇಟರ್ ನಕ್ಷೆಯನ್ನು ನಂಬಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದೆನ್ನುವುದು. ವಾಸ್ತವದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. ಯಾರು ಯಾವ ತಪ್ಪನ್ನು ಆರಿಸಿದರು ಎಂಬ ಪಟ್ಟಿಯನ್ನು ನೋಡಿ ಮರುದಿನದ ಪಾಠ ಯೋಜಿಸಿ.